ಅಂಗಡಿಗೊಂದು ಇಮೇಲ್ ವಿಳಾಸ: ಸಿಂಪಲ್‌ಲಾಗಿನ್ ಜೊತೆ ಮೂರೂವರೆ ವರ್ಷ

2022ರ ಮೇ ತಿಂಗಳಲ್ಲಿ ಅಮ್ಮನಿಗೆ ರಕ್ತಪರೀಕ್ಷೆ ಮಾಡಿಸಿದೆವು. ವರದಿ ನನ್ನ ಇಮೇಲ್‌ಗೆ ಬರುತ್ತದೆ ಎಂದಿದ್ದರು. ಎರಡು ದಿನ ಅಮ್ಮ ಬೆಳಿಗ್ಗೆ, ಸಂಜೆ "ಬಂತೇನೇ?" ಎಂದು ಕೇಳುತ್ತಿದ್ದಳು. ನಾನು ಫೋನ್ ತೆರೆದು, ಮೇಲಿನ ಹತ್ತು ಹನ್ನೆರಡು ಮೇಲ್ ನೋಡಿ, "ಇನ್ನೂ ಇಲ್ಲಮ್ಮ" ಅನ್ನುತ್ತಿದ್ದೆ. ಮೂರನೇ ದಿನ ಲ್ಯಾಬ್‌ಗೆ ಫೋನ್ ಮಾಡಿದರೆ, ಮೊದಲ ದಿನ ಸಂಜೆಯೇ ಕಳಿಸಿದ್ದೇವೆ ಎಂದರು. ಹುಡುಕಿದೆ. ಇತ್ತು. ಸ್ಪ್ಯಾಮ್ ಫೋಲ್ಡರ್‌ನಲ್ಲಿ ಅಲ್ಲ, ಇನ್‌ಬಾಕ್ಸ್‌ನಲ್ಲೇ. ಅದರ ಮೇಲೆ 63 ಜಾಹೀರಾತು ಮೇಲ್‌ಗಳು ಬಂದು ಕೂತಿದ್ದವು. ಅಷ್ಟರಲ್ಲಿ ಡಾಕ್ಟರನ್ನು ನೋಡಬೇಕಿದ್ದ ದಿನ ದಾಟಿ ಹೋಗಿತ್ತು.

ಆ ರಾತ್ರಿ 63 ಮೇಲ್‌ಗಳನ್ನೂ ಒಂದೊಂದಾಗಿ ನೋಡಿದೆ. ಎರಡು ವರ್ಷದ ಹಿಂದೆ ಚಪ್ಪಲಿ ಕೊಂಡ ಅಂಗಡಿ. ಒಂದೇ ಒಂದು ಸಲ ಬಸ್ ಟಿಕೆಟ್ ತೆಗೆದ ಆ್ಯಪ್. ತಮ್ಮನ ಮದುವೆಗೆ ಛತ್ರ ಹುಡುಕಿದ ಜಾಲತಾಣ. ಅರ್ಧಕ್ಕೇ ಬಿಟ್ಟ ಸಾಲದ ಅರ್ಜಿ. ಒಂದೂ ಗುರುತಿಲ್ಲದವರದ್ದಲ್ಲ. ಎಲ್ಲರಿಗೂ ವಿಳಾಸ ಕೊಟ್ಟವಳು ನಾನೇ. ಲಾಟರಿ ಬಂತು, ವಿದೇಶದಲ್ಲಿ ಆಸ್ತಿ ಬಂತು ಎನ್ನುವ ನಿಜವಾದ ಸ್ಪ್ಯಾಮ್ ಅನ್ನು ಜಿಮೇಲ್ ತಾನೇ ಹಿಡಿದು ಬೇರೆ ಇಟ್ಟಿತ್ತು. 30 ದಿನ ಆದ ಮೇಲೆ ಅದು ತಾನಾಗಿ ಅಳಿಸಿಯೂ ಹೋಗುತ್ತದೆ. ಬಾಗಿಲು ಕಾಯುವವನು ಕಳ್ಳನನ್ನು ತಡೆಯಬಲ್ಲ. ನಾವೇ ಕರೆದವರನ್ನು ಹೇಗೆ ತಡೆಯುತ್ತಾನೆ?

ಅದಕ್ಕೂ ಮುಂಚೆ ನಾನು ಸುಮ್ಮನೆ ಕೂತಿರಲಿಲ್ಲ. ಒಂದು ಇಡೀ ಭಾನುವಾರ ಅನ್‌ಸಬ್‌ಸ್ಕ್ರೈಬ್ ಒತ್ತುತ್ತಾ ಕಳೆದಿದ್ದೆ. ಹದಿನೈದು ದಿನ ಆರಾಮಾಗಿತ್ತು, ಆಮೇಲೆ ಹೊಸ ಹೊಸ ಹೆಸರಿನಲ್ಲಿ ಶುರುವಾಯಿತು. ಜಿಮೇಲ್‌ನ ಪ್ಲಸ್ ಉಪಾಯವನ್ನೂ ಮಾಡಿ ನೋಡಿದೆ. ನಮ್ಮ ಹೆಸರಿನ ಮುಂದೆ ಪ್ಲಸ್ ಚಿಹ್ನೆ ಹಾಕಿ ಅಂಗಡಿಯ ಹೆಸರು ಸೇರಿಸಿದರೂ ಮೇಲ್ ನಮಗೇ ಬರುತ್ತದೆ. ಯಾರಿಗೆ ಕೊಟ್ಟ ವಿಳಾಸಕ್ಕೆ ಬಂತು ಎಂದು ಗೊತ್ತಾಗುತ್ತದೆ, ಅದರ ಮೇಲೆ ಫಿಲ್ಟರ್ ಹಾಕಬಹುದು. ಆದರೆ ಎಷ್ಟೋ ಫಾರ್ಮ್‌ಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ. ಪ್ಲಸ್‌ನಿಂದ ಆಚೆಗಿನದನ್ನು ಅಳಿಸಿದರೆ ನಮ್ಮ ಅಸಲಿ ವಿಳಾಸ ಯಾರಿಗೆ ಬೇಕಾದರೂ ಸಿಗುತ್ತದೆ. ಫೋನ್ ಕರೆ, ಎಸ್‌ಎಂಎಸ್ ಕಾಟಕ್ಕಾದರೆ ದೂರು ಕೊಡಲು 1909 ನಂಬರ್ ಇದೆ. ಇಮೇಲ್‌ಗೆ ಅಂಥದ್ದೊಂದು ನಮ್ಮಲ್ಲಿಲ್ಲ.

ಹೀಗಿದ್ದಾಗ ಸಿಂಪಲ್‌ಲಾಗಿನ್ ಸಿಕ್ಕಿತು. ಇದು ಅಲಿಯಾಸ್ ಸೇವೆ. ಪಹಣಿಯಲ್ಲಿ, ಕೋರ್ಟ್ ಕಾಗದದಲ್ಲಿ ಒಬ್ಬರ ಹೆಸರಿನ ಮುಂದೆ "ಉರುಫ್" ಎಂದು ಇನ್ನೊಂದು ಹೆಸರು ಬರೆದಿರುತ್ತದಲ್ವಾ, ಹಾಗೆ ಇಮೇಲ್‌ಗೂ ಉರುಫ್ ವಿಳಾಸ. ಒಂದೊಂದು ಜಾಗಕ್ಕೆ ಒಂದೊಂದು ಉರುಫ್ ಮಾಡಿ ಕೊಡುತ್ತೇವೆ. ಅದಕ್ಕೆ ಬಂದ ಮೇಲ್ ನಮ್ಮ ಅಸಲಿ ಪೆಟ್ಟಿಗೆಗೆ ಬಂದು ಬೀಳುತ್ತದೆ. ಉರುಫ್ ಪಡೆದವರಿಗೆ ಅಸಲಿ ವಿಳಾಸ ಗೊತ್ತೇ ಆಗುವುದಿಲ್ಲ. ಬೇಡವಾದ ದಿನ ಆ ಒಂದು ಉರುಫ್‌ನ ಸ್ವಿಚ್ ಆರಿಸಿದರೆ ಮುಗಿಯಿತು. ಬೇಡಿಕೊಳ್ಳಬೇಕಾಗಿಲ್ಲ, ಅನ್‌ಸಬ್‌ಸ್ಕ್ರೈಬ್ ಹುಡುಕಬೇಕಾಗಿಲ್ಲ. 2022ರಲ್ಲೇ ಪ್ರೋಟಾನ್ ಮೇಲ್ ನಡೆಸುವ ಪ್ರೋಟಾನ್ ಕಂಪನಿ ಇದನ್ನು ಕೊಂಡುಕೊಂಡಿತು. ಇದರ ಕೋಡ್ ಓಪನ್ ಸೋರ್ಸ್, ಯಾರು ಬೇಕಾದರೂ ನೋಡಬಹುದು. ನಮ್ಮ ಮೇಲ್ ಇವರ ಸರ್ವರ್ ದಾಟಿಯೇ ಬರಬೇಕಾದ್ದರಿಂದ ನನಗೆ ಈ ಮಾತು ಮುಖ್ಯವಾಗಿತ್ತು. ತಲುಪಿಸಿದ ಮೇಲೆ ಮೇಲ್ ಇಟ್ಟುಕೊಳ್ಳುವುದಿಲ್ಲ ಎಂದು ಅವರು ಹೇಳುತ್ತಾರೆ.

ಪುಕ್ಕಟೆ ಖಾತೆಯಲ್ಲಿ 10 ಉರುಫ್ ಮಾಡಬಹುದು. ಏಳು ತಿಂಗಳು ಅದರಲ್ಲೇ ಇದ್ದೆ. ಆಮೇಲೆ ಚಂದಾ ಕಟ್ಟಿದೆ, ಆಗ ವರ್ಷಕ್ಕೆ 30 ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರದ ಹತ್ತಿರ. ಈಗ ಸೇರುವವರು ಈಗಿನ ದರ ನೋಡಿಕೊಂಡು ಸೇರಿ. ನಾನು ದುಡ್ಡು ಕೊಟ್ಟಿದ್ದು ಉರುಫ್‌ಗಳ ಲೆಕ್ಕ ಜಾಸ್ತಿಯಾಗಲಿ ಎಂದಷ್ಟೇ ಅಲ್ಲ. ಚಂದಾದಾರರಿಗೆ ಸ್ವಂತದ್ದೊಂದು ಸಬ್‌ಡೊಮೇನ್, ಅಂದರೆ ವಿಳಾಸದಲ್ಲಿ ಅಟ್ (@) ಆದ ಮೇಲೆ ಬರುವ ನಮ್ಮದೇ ಹೆಸರು, ಸಿಗುತ್ತದೆ. ಅದರ ಹಿಂದೆ ಯಾವ ಪದ ಹಾಕಿ ಹೇಳಿದರೂ ಸರಿ, ಮೊದಲ ಮೇಲ್ ಬಂದ ಕ್ಷಣ ಆ ಉರುಫ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಆ್ಯಪ್ ತೆರೆಯುವುದೂ ಬೇಡ.

ಇದರ ಬೆಲೆ ಬಿಲ್ಲಿನ ಕೌಂಟರಿನಲ್ಲಿ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಿ ಒಂದು ಕನ್ನಡಕದ ಅಂಗಡಿಗೆ ಹೋಗಿದ್ದೆ. ಹುಡುಗ "ಮೇಡಂ, ಇಮೇಲ್ ಹೇಳಿ" ಎಂದ. ಹಿಂದೆ ನಾಲ್ಕು ಜನ ನಿಂತಿದ್ದರು. "ಕನ್ನಡಕ" ಎಂದು ಶುರುಮಾಡಿ, ಅಟ್ ಹಾಕಿ ನನ್ನ ಸಬ್‌ಡೊಮೇನ್ ಹೇಳಿದೆ. ಅವನು ಬೆರಳು ನಿಲ್ಲಿಸಿ, "ಮೇಡಂ, ನಮ್ಮದಲ್ಲ, ನಿಮ್ಮ ಇಮೇಲ್" ಎಂದ. "ನನ್ನದೇ ಕಣಪ್ಪ, ಕಳಿಸಿ ನೋಡು" ಎಂದೆ. ಬಿಲ್ಲು ಅಲ್ಲೇ ಫೋನ್‌ಗೆ ಬಂತು, ತೋರಿಸಿದೆ. ಎಂಟು ತಿಂಗಳು ಆ ವಿಳಾಸಕ್ಕೆ ಒಂದೂ ಮೇಲ್ ಇಲ್ಲ. ಒಂಬತ್ತನೇ ತಿಂಗಳು ಷೇರು ಮಾರುಕಟ್ಟೆಯ ಟಿಪ್ಸ್ ಬಂತು. ಮಾರನೇ ದಿನ ವೈಯಕ್ತಿಕ ಸಾಲ. ಆಮೇಲೆ ಇನ್ನೊಂದು ಊರಿನ ನಿವೇಶನ. ಆ ವಿಳಾಸ ಇಡೀ ಜಗತ್ತಿನಲ್ಲಿ ಒಂದೇ ಒಂದು ಬಿಲ್ಲಿನ ಮೇಲೆ ಇತ್ತು. ಯಾರೋ ಮಾರಿದರೋ, ಯಾರಾದರೂ ಕದ್ದರೋ ನಾನು ಹೇಳಲಾರೆ. ಆದರೆ ಎಲ್ಲಿಂದ ಸೋರಿತು ಎಂದು ಜೀವನದಲ್ಲಿ ಮೊದಲ ಸಲ ಕಣ್ಣಾರೆ ಕಂಡೆ. ಮೈ ಉರಿಯಿತು. ಸ್ವಿಚ್ ಆರಿಸಿದೆ. ಪ್ರತಿ ಉರುಫ್‌ನ ಕೆಳಗೆ, ಕಳೆದ 14 ದಿನದಲ್ಲಿ ಎಷ್ಟು ಮೇಲ್ ದಾಟಿಸಿದೆ, ಎಷ್ಟು ತಡೆದಿದೆ, ನಾವೆಷ್ಟು ಉತ್ತರ ಬರೆದಿದ್ದೇವೆ ಎಂಬ ಲೆಕ್ಕ ಇರುತ್ತದೆ. "ಕನ್ನಡಕ"ದ ಕೆಳಗೆ ಒಂದು ಸಲ ನೋಡಿದಾಗ ತಡೆದಿದ್ದು 41 ಇತ್ತು. ಆ 41ರಲ್ಲಿ ಒಂದನ್ನೂ ನಾನು ನೋಡಬೇಕಾಗಲಿಲ್ಲ.

ತೊಡಕುಗಳೂ ಇವೆ. ಕೆಲವು ಜಾಲತಾಣಗಳು ಇಂಥ ಅಲಿಯಾಸ್ ಡೊಮೇನ್‌ಗಳನ್ನು ಕಂಡರೆ "ಸರಿಯಾದ ಇಮೇಲ್ ಕೊಡಿ" ಎನ್ನುತ್ತವೆ. ನನ್ನ ಲೆಕ್ಕದಲ್ಲಿ ಇಪ್ಪತ್ತರಲ್ಲಿ ಒಂದು ಹೀಗಾಗುತ್ತದೆ. ನಮ್ಮದೇ ಡೊಮೇನ್ ಕೊಂಡು ಜೋಡಿಸಿದರೆ ಈ ತೊಂದರೆ ಇರುವುದಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ನೋಂದಾಯಿಸಿದ ಇಮೇಲ್ ಕೇಳುತ್ತಾರೆ, ಆಗ ಉದ್ದದ ವಿಳಾಸವನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳಬೇಕು. ಉತ್ತರ ಬರೆಯುವುದು ಸುಲಭ, ಬಂದ ಮೇಲ್‌ಗೆ ರಿಪ್ಲೈ ಒತ್ತಿದರೆ ಉರುಫ್‌ನಿಂದಲೇ ಹೋಗುತ್ತದೆ. ಆದರೆ ನಾವಾಗಿ ಮೊದಲು ಬರೆಯಬೇಕಾದರೆ ಯಾರಿಗೆ ಬರೆಯಬೇಕೋ ಅವರ ವಿಳಾಸಕ್ಕೆ ಪ್ರತಿಯಾಗಿ ರಿವರ್ಸ್ ಅಲಿಯಾಸ್ ಎಂದು ಇನ್ನೊಂದು ವಿಳಾಸ ಮಾಡಿಕೊಂಡು ಅದಕ್ಕೆ ಕಳಿಸಬೇಕು. ಅದು ಅರ್ಥವಾಗಲು ನನಗೆ ಒಂದು ಸಂಜೆ ಹಿಡಿಯಿತು. ಹೆಚ್ಚು ಪತ್ರ ಬರೆಯುವವರಿಗೆ ಇದು ಕಿರಿಕಿರಿ ಅನ್ನಿಸಬಹುದು.

ಹಳೆಯ ವಿಳಾಸದ ಗತಿಯೇನು ಎಂದು ಎಲ್ಲರೂ ಕೇಳುತ್ತಾರೆ. ನಿಜವಾದ ಕೆಲಸ ಇರುವುದು ಅಲ್ಲೇ. ಸಿಂಪಲ್‌ಲಾಗಿನ್ ಹಾಕಿಕೊಂಡ ಕೂಡಲೇ ಹಳೇ ವಿಳಾಸಕ್ಕೆ ಬರುವುದೇನೂ ನಿಲ್ಲುವುದಿಲ್ಲ. ನಾನು ಒಂದು ರೂಢಿ ಮಾಡಿಕೊಂಡೆ. ಜಾಹೀರಾತು ಬಂದಾಗ ಅಳಿಸುವುದಿಲ್ಲ. ಆ ಖಾತೆ ಬೇಕಾ ಎಂದು ಯೋಚಿಸುತ್ತೇನೆ. ಬೇಕಾದರೆ ಒಳಗೆ ಹೋಗಿ ವಿಳಾಸ ಬದಲಿಸಿ ಉರುಫ್ ಹಾಕುತ್ತೇನೆ. ಬೇಡವಾದರೆ ಖಾತೆಯನ್ನೇ ಮುಚ್ಚುತ್ತೇನೆ. ದಿನಕ್ಕೆ ಎರಡು, ಅಷ್ಟೇ. ಒಂದೂಕಾಲು ವರ್ಷ ಬೇಕಾಯಿತು.

ಈ ಕೆಲಸಕ್ಕೆ ನಡುವೆ ಒಂದು ಒತ್ತಾಸೆಯೂ ಸಿಕ್ಕಿತು. 2024ರ ಫೆಬ್ರವರಿಯಿಂದ, ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ (ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5000 ಅಥವಾ ಜಾಸ್ತಿ) ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಕಳಿಸುವವರು ತಾವೇ ಎಂದು ತಾಂತ್ರಿಕವಾಗಿ ಸಾಬೀತು ಮಾಡಬೇಕು, ಒಂದೇ ಒತ್ತಿಗೆ ಬಿಡಿಸಿಕೊಳ್ಳುವ ಗುಂಡಿ ಕೊಡಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು. ಅಲ್ಲಿಂದೀಚೆಗೆ ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲಿ ಕಾಣುವ ಅನ್‌ಸಬ್‌ಸ್ಕ್ರೈಬ್ ನನಗೆ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿದೆ. ಅದನ್ನೇ ಬಳಸಿ. ಗುರುತಿಲ್ಲದವರ ಮೇಲ್‌ನ ಒಳಗಿರುವ ಲಿಂಕ್ ಮಾತ್ರ ಒತ್ತಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ನಾವೇ ಹೇಳಿದ ಹಾಗಾಗುತ್ತದೆ. ಅಂಥದ್ದಕ್ಕೆ ರಿಪೋರ್ಟ್ ಸ್ಪ್ಯಾಮ್ ಸಾಕು. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಚಿತ್ರಗಳನ್ನು ಕೇಳಿಯೇ ತೋರಿಸು ಎಂಬ ಆಯ್ಕೆಯನ್ನೂ ಹಾಕಿಕೊಳ್ಳಿ. ನಾವು ಮೇಲ್ ತೆರೆದೆವೋ ಇಲ್ಲವೋ ಎಂದು ತಿಳಿಯಲು ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಇಟ್ಟಿರುತ್ತಾರೆ.

ಒಂದು ಕಾಟಕ್ಕೆ ಸಿಂಪಲ್‌ಲಾಗಿನ್ ಮದ್ದಲ್ಲ. ನನ್ನದೇ ಹೆಸರಿನ ಇನ್ನೊಬ್ಬರು ತಮ್ಮ ವಿಳಾಸ ಎಂದು ತಪ್ಪಾಗಿ ನನ್ನದನ್ನು ಕೊಡುತ್ತಿರುತ್ತಾರೆ. ಅವರ ಮಗನ ಶಾಲೆಯ ಫೀ ರಶೀದಿ, ಗ್ಯಾಸ್ ಬಿಲ್ಲು ಎಲ್ಲ ನನಗೆ ಬರುತ್ತದೆ. ಇದನ್ನು ಸ್ಪ್ಯಾಮ್ ಎಂದು ಒತ್ತಲು ನನಗೆ ಮನಸ್ಸು ಬರಲಿಲ್ಲ, ಶಾಲೆಯವರು ತಪ್ಪು ಮಾಡಿಲ್ಲವಲ್ಲ. ಶಾಲೆಗೆ ಎರಡು ಸಾಲು ಬರೆದೆ, ಸರಿಪಡಿಸಿದರು. ಉಳಿದದ್ದಕ್ಕೆ ಫಿಲ್ಟರ್ ಹಾಕಿ ಪಕ್ಕಕ್ಕೆ ಸರಿಸಿದ್ದೇನೆ.

ಬ್ಯಾಂಕು, ಆದಾಯ ತೆರಿಗೆ, ಆಧಾರ್, ಡಿಜಿಲಾಕರ್, ಪಾಸ್‌ಪೋರ್ಟ್, ಆಸ್ಪತ್ರೆ ಇವಕ್ಕೆ ನಾನು ಉರುಫ್ ಕೊಟ್ಟಿಲ್ಲ. ನಡುವೆ ಇರುವ ಸೇವೆ ಒಂದು ಗಂಟೆ ನಿಂತರೂ ಒಟಿಪಿ ಬರುವುದಿಲ್ಲ. ಅಂಥ ಅಪಾಯ ಬೇಡ. ಈಗ ನನ್ನ ಅಸಲಿ ವಿಳಾಸ ಇವರ ಹತ್ತಿರ ಮತ್ತು ಮನೆಯವರ, ಸ್ನೇಹಿತರ ಹತ್ತಿರ ಮಾತ್ರ ಇದೆ. ಬೇರೆ ಯಾರಾದರೂ ಬ್ಯಾಂಕಿನ ಹೆಸರು ಹೇಳಿಕೊಂಡು ಯಾವುದೋ ಅಂಗಡಿಯ ಉರುಫ್‌ಗೆ ಬರೆದರೆ, ಓದುವ ಮೊದಲೇ ಅದು ಮೋಸ ಎಂದು ತಿಳಿಯುತ್ತದೆ. ಈ ಲಾಭವನ್ನು ನಾನು ಶುರುವಿನಲ್ಲಿ ಎಣಿಸಿರಲಿಲ್ಲ. ಈಗ ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ.

ದುಡ್ಡು ಕೊಡಲು ಇಷ್ಟವಿಲ್ಲದವರು ಮೊದಲು ಆ 10 ಉರುಫ್‌ಗಳಲ್ಲಿ ನೋಡಿ. ಫೈರ್‌ಫಾಕ್ಸ್ ರಿಲೇ 5 ವಿಳಾಸ ಪುಕ್ಕಟೆ ಕೊಡುತ್ತದೆ. ಡಕ್‌ಡಕ್‌ಗೋದಲ್ಲೂ ಇಂಥ ಸೇವೆ ಇದೆ, ದುಡ್ಡಿಲ್ಲ. ಐಫೋನ್‌ನಲ್ಲಿ ಐಕ್ಲೌಡ್ ಪ್ಲಸ್ ಚಂದಾ ಇದ್ದವರಿಗೆ ಹೈಡ್ ಮೈ ಇಮೇಲ್ ಅದರಲ್ಲೇ ಬಂದಿರುತ್ತದೆ. ಸಿಂಪಲ್‌ಲಾಗಿನ್ ಚಂದಾ ನಿಲ್ಲಿಸಿದರೂ ಈಗಾಗಲೇ ಮಾಡಿದ ಉರುಫ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ, ಹೊಸದನ್ನು ಮಾಡಲು ಬರುವುದಿಲ್ಲ ಅಷ್ಟೇ. ಆ ಧೈರ್ಯದ ಮೇಲೇ ನಾನು ಸೇರಿದ್ದು. ನನ್ನ ಹತ್ತಿರ ಈಗ 117 ಉರುಫ್ ಇವೆ, ಅದರಲ್ಲಿ 38 ಆರಿಸಿಟ್ಟಿದ್ದೇನೆ. ಮುಂದಿನ ವರ್ಷದ ಚಂದಾವನ್ನೂ ಕಟ್ಟಿಯಾಗಿದೆ.