‘ಜೋಡಿ’ ಎಂದು ಮಾರುವ ಕ್ಯಾಟ್‌ಫಿಶ್: ಯಾವುದಕ್ಕೆ ಹೆಚ್ಚಿಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಅಕ್ವೇರಿಯಂ ಅಂಗಡಿಗಳಲ್ಲಿ ಸಣ್ಣ ಕ್ಯಾಟ್‌ಫಿಶ್‌ಗಳಿಗೆ ಬಿಡಿ ದರ ಒಂದು, ‘ಗಂಡು-ಹೆಣ್ಣು ಜೋಡಿ’ ಅಂದರೆ ಇನ್ನೊಂದು. ಹೆಚ್ಚಿಗೆ ಕೇಳುವುದು ಗುರುತಿಸಿಕೊಟ್ಟ ಕೂಲಿ. ಆ ಗುರುತು ಎಷ್ಟು ನಂಬಿಕೆಗೆ ಯೋಗ್ಯ ಅನ್ನುವುದು ಮೀನಿನ ಜಾತಿ ಮತ್ತು ಉದ್ದದ ಮೇಲೆ ಹೋಗುತ್ತದೆ.

ಬ್ರಿಸಲ್‌ನೋಸ್ ಪ್ಲೆಕೊ (ಬಾಯಿಂದ ಗಾಜಿಗೆ ಕಚ್ಚಿಕೊಳ್ಳುವ ಕ್ಯಾಟ್‌ಫಿಶ್) ಆದರೆ, ಮೀನು 7–8 ಸೆಂ.ಮೀ. ದಾಟಿದ್ದರೆ, ಧಾರಾಳವಾಗಿ ಕೊಡಿ. ಬೆಳೆದ ಗಂಡಿನ ಮೂತಿಯಿಂದ ಹಣೆಯವರೆಗೂ ಕವಲೊಡೆದ ಮೆತ್ತನೆಯ ಕುಡಿಗಳು ಎದ್ದಿರುತ್ತವೆ. ಹೆಣ್ಣಿಗೆ ಅವು ಇರುವುದೇ ಇಲ್ಲ, ಇದ್ದರೂ ಮೂತಿಯ ಅಂಚಿನಲ್ಲಿ ಗಿಡ್ಡನೆಯ ಒಂದೇ ಸಾಲು, ಹಣೆ ಬೋಳು. ತಕರಾರು ಬರುವುದು 4–5 ಸೆಂ.ಮೀ. ಮರಿಗಳಲ್ಲಿ. ಗಂಡು ಮರಿಗೂ ಆಗ ಕುಡಿ ಮೂಡಿರುವುದಿಲ್ಲ, ಹಾಗಾಗಿ ‘ಎರಡು ಹೆಣ್ಣು’ ಅಂತ ತಂದದ್ದು ಕೆಲವು ತಿಂಗಳಲ್ಲಿ ಎರಡು ಗಂಡಾಗಿ, ಒಂದೇ ಗುಹೆಗೆ ಕಿತ್ತಾಡುತ್ತವೆ. ಬಿಳಿ (ಅಲ್ಬಿನೊ) ಮೀನಿನಲ್ಲಿ ಕುಡಿಯ ಬಣ್ಣವೂ ಮೈಬಣ್ಣವೂ ಒಂದೇ ಆದ್ದರಿಂದ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಬೇಕು. ಅನುಮಾನ ಉಳಿದರೆ ಮೀನು ಗಾಜಿಗೆ ಕಚ್ಚಿಕೊಳ್ಳುವವರೆಗೆ ಕಾದು, ಹೊರಗಿನಿಂದ ಗುದದ್ವಾರದ ಹಿಂದೆ ಗಮನಿಸಿ: ಗಂಡಿನಲ್ಲಿ ಬಾಲದ ಕಡೆ ಚಾಚಿದ ಚೂಪಾದ ಸಣ್ಣ ಮೊಳೆ, ಹೆಣ್ಣಿನಲ್ಲಿ ಅಗಲವಾಗಿ ಚಪ್ಪಟೆಯಾದ ಉಬ್ಬು.

ಇಲ್ಲೊಂದು ದೊಡ್ಡ ಮೋಸದ ಗುಂಡಿ ಇದೆ. ‘ಸಕ್ಕರ್’ ಹೆಸರಲ್ಲಿ ಬರುವ ಸೈಲ್‌ಫಿನ್ ಪ್ಲೆಕೊ ಮರಿಗೆ ಜನ್ಮದಲ್ಲಿ ಕುಡಿ ಬರುವುದಿಲ್ಲ, ಅದನ್ನೇ ‘ಬ್ರಿಸಲ್‌ನೋಸ್ ಹೆಣ್ಣು’ ಅಂತ ದಾಟಿಸಿಬಿಡಬಹುದು. ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಿ. ಮುಂದಿನ ಗಟ್ಟಿ ಮುಳ್ಳು ಬಿಟ್ಟು ಬ್ರಿಸಲ್‌ನೋಸ್‌ಗೆ ಸಾಮಾನ್ಯವಾಗಿ 7, ಸೈಲ್‌ಫಿನ್‌ಗೆ 10ರ ಮೇಲೆ. ಆ ‘ಹೆಣ್ಣು’ 40 ಸೆಂ.ಮೀ. ಬೆಳೆದ ಮೇಲೆ ತೊಟ್ಟಿಯಲ್ಲಿ ಹಿಡಿಸುವುದಿಲ್ಲ. ಹಾಗಂತ ಕೆರೆಗೆ ಬಿಡುವ ಹಾಗೂ ಇಲ್ಲ.

ಕೋರಿಡೋರಸ್ (ಚಿಕ್ಕದಾಗಿ ‘ಕೋರಿ’) ಎಂಬ ಕ್ಯಾಟ್‌ಫಿಶ್‌ನ ವಿಷಯ ಬೇರೆ. ಬ್ರಾಂಝ್, ಅಲ್ಬಿನೊ, ಪೆಪ್ಪರ್ಡ್ ಯಾವುದೇ ಇರಲಿ, ಗಾಜಿನ ಮುಂದೆ ನಿಂತು ಪಕ್ಕದಿಂದ ನೋಡಿ ಹೇಳುವ ಅಂಗಡಿಯವರ ಮಾತಿಗೆ ಬೆಲೆ ಕಟ್ಟಬೇಡಿ. ಕೋರಿಯನ್ನು ನೋಡಬೇಕಾದ್ದು ಮೇಲಿನಿಂದ. ಹೆಣ್ಣು ಎದೆರೆಕ್ಕೆಗಳ ಹಿಂದೆ ಎರಡೂ ಪಕ್ಕಕ್ಕೆ ಅಗಲವಾಗಿರುತ್ತದೆ, ಗಂಡು ತಲೆಯಿಂದ ಬಾಲಕ್ಕೆ ನೇರವಾಗಿ ಸಣ್ಣಗಾಗುತ್ತದೆ. ಹೊಟ್ಟೆ ಕೆಳಗೆ ಜೋತಿದ್ದರೆ ಅದು ತಿಂದ ಆಹಾರ, ಲೆಕ್ಕಕ್ಕಿಲ್ಲ. ಅದಕ್ಕೇ ಆಹಾರ ಹಾಕುವ ಮುಂಚೆ ಅಂಗಡಿಗೆ ಹೋಗುವುದು ಒಳ್ಳೆಯದು. ಎರಡನೆಯ ಸಾಕ್ಷಿ ಹೊಟ್ಟೆಯ ಜೋಡಿ ರೆಕ್ಕೆ. ಹೆಣ್ಣು ಮೊಟ್ಟೆಗಳನ್ನು ಈ ರೆಕ್ಕೆಗಳ ನಡುವೆ ಅವುಚಿಕೊಂಡು ಹೋಗಿ ಗಾಜಿಗೋ ಎಲೆಗೋ ಅಂಟಿಸುತ್ತದೆ, ಹಾಗಾಗಿ ಅವು ಅಗಲ, ದುಂಡು. ಗಂಡಿನವು ಕಿರಿದು, ತುದಿ ಚೂಪು. ಪೆಪ್ಪರ್ಡ್ ಗಂಡಿಗೆ ಬೆನ್ನಿನ ರೆಕ್ಕೆಯೂ ಎತ್ತರ. ಒಂದೇ ವಯಸ್ಸಿನ ಗುಂಪಿನಲ್ಲಿ ದೊಡ್ಡವು ಹೆಣ್ಣು ಅನ್ನುವುದು ಸರಿ, ಬೇರೆ ಬೇರೆ ತೊಟ್ಟಿಯಿಂದ ಆರಿಸಿಕೊಟ್ಟ ಮೀನಿಗೆ ಈ ಅಳತೆ ನಡೆಯದು.

3 ಸೆಂ.ಮೀ. ಒಳಗಿನ ಬ್ರಾಂಝ್ ಮರಿಯಲ್ಲಿ ಇದಾವುದೂ ಕಾಣುವುದಿಲ್ಲ. ಅಂಥದ್ದಕ್ಕೆ ‘ಜೋಡಿ’ ದರ ಹೇಳಿದರೆ ನಕ್ಕು, ಬಿಡಿ ದರದಲ್ಲಿ ಆರು ತನ್ನಿ. ಗಂಡು-ಹೆಣ್ಣು ಸಮ ಅಂತಿಟ್ಟುಕೊಂಡರೆ ಆರೂ ಒಂದೇ ಲಿಂಗದ್ದಾಗುವ ಸಾಧ್ಯತೆ 32ರಲ್ಲಿ 1. ಕೋರಿ ಹೇಗೂ ಗುಂಪಿನ ಮೀನು, ಬರೀ ಎರಡನ್ನು ಸಾಕುವುದೇ ತಪ್ಪು. ಮರಿ ಮಾಡಿಸುವವರು ಒಂದು ಹೆಣ್ಣಿಗೆ ಎರಡು ಗಂಡು ಇಡುತ್ತಾರೆ, ಹಾಗಾಗಿ ಒಂದೊಂದರ ಜೋಡಿ ಅವರಿಗೂ ಅಷ್ಟು ಉಪಯೋಗವಿಲ್ಲ. ಅಂದ ಹಾಗೆ, 2024ರಲ್ಲಿ ಈ ಕುಲವನ್ನು ಒಡೆದು ಬ್ರಾಂಝ್ ಕೋರಿಯನ್ನು ಆಸ್ಟಿಯೋಗ್ಯಾಸ್ಟರ್ ಎಂಬ ಕುಲಕ್ಕೂ ಪೆಪ್ಪರ್ಡ್ ಮತ್ತು ಪಾಂಡಾ ಕೋರಿಗಳನ್ನು ಹಾಪ್ಲಿಸೋಮ ಎಂಬ ಕುಲಕ್ಕೂ ಸೇರಿಸಿದ್ದಾರೆ. ಹೊಸ ಹೆಸರು ಕಂಡು ಅಪರೂಪದ ಮೀನು ಅಂದುಕೊಂಡು ದುಬಾರಿಗೆ ಕೊಳ್ಳಬೇಡಿ.

ಮೀನನ್ನು ಪಾರದರ್ಶಕ ಡಬ್ಬಿಗೆ ಹಾಕಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಜೋಡಿ ಕೊಳ್ಳುವ ಮಾತೇ ಬೇಡ. ಡಬ್ಬಿಯಲ್ಲಿ ಮೀನು ಮುಳುಗುವಷ್ಟು ತೊಟ್ಟಿಯ ನೀರೇ ಇರಲಿ, ಕೆಳಗೆ ಬಿಳಿ ಕಾಗದ ಇಟ್ಟು ಮೇಲಿನಿಂದ ನೋಡಿ, ಆಮೇಲೆ ಡಬ್ಬಿ ಎತ್ತಿ ಅಡಿಯಿಂದ ರೆಕ್ಕೆ ನೋಡಿ. ಬಲೆಯಲ್ಲಿ ಎತ್ತಿದರೆ ಕೋರಿಯ ಎದೆರೆಕ್ಕೆಯ ಮುಳ್ಳು, ಬ್ರಿಸಲ್‌ನೋಸ್‌ನ ಕೆನ್ನೆಯ ಮುಳ್ಳು ಎರಡೂ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡರೆ ಎಳೆಯಬಾರದು, ಬಲೆಯನ್ನೇ ಕತ್ತರಿಸಬೇಕು. ಇದೇ ಮುಳ್ಳು ಪಾಲಿಥಿನ್ ಕವರನ್ನೂ ತೂತು ಮಾಡುವುದರಿಂದ ಮನೆಗೆ ತರುವಾಗ ಒಂದರೊಳಗೊಂದು ಎರಡು ಕವರ್ ಹಾಕಿಸಿ.

ಓಟೊಸಿಂಕ್ಲಸ್ (‘ಓಟೊ’) ಎಂಬ ಪುಟ್ಟ ಕ್ಯಾಟ್‌ಫಿಶ್‌ಗೆ ಜೋಡಿ ದರ ದಂಡ. ಹೆಣ್ಣು ತುಸು ದೊಡ್ಡದು, ಅಗಲ ಅನ್ನುವುದು ನಿಜ. ಆದರೆ ಮಾರಾಟಕ್ಕೆ ಬರುವ ಬಹುತೇಕ ಓಟೊಗಳು ನದಿಯಲ್ಲಿ ಹಿಡಿದವು, ದಾರಿಯುದ್ದಕ್ಕೂ ಹಸಿದು ಹೊಟ್ಟೆ ಒಳಗೆ ಹೋಗಿರುತ್ತದೆ, ಹೆಣ್ಣೂ ಗಂಡಿನಂತೆಯೇ ಕಾಣುತ್ತದೆ. ಇದರಲ್ಲಿ ಲಿಂಗ ಬಿಟ್ಟು ತುಂಬಿದ ಹೊಟ್ಟೆ ನೋಡಿ ಆರಿಸಿ. ಗ್ಲಾಸ್ ಕ್ಯಾಟ್‌ಫಿಶ್‌ನಲ್ಲಂತೂ ಹೊರಗಿನಿಂದ ನಂಬುವಂಥ ವ್ಯತ್ಯಾಸವೇ ಇಲ್ಲ. ಅದನ್ನೂ ಜೋಡಿ ಅಂತ ಮಾರುವವರಿದ್ದರೆ, ಆ ಅಂಗಡಿಯ ಬ್ರಿಸಲ್‌ನೋಸ್ ಜೋಡಿಯನ್ನೂ ಇನ್ನೊಮ್ಮೆ ಡಬ್ಬಿಗೆ ಹಾಕಿಸಿ ನೋಡಿ.