ಶಾಲಾ ಕೈತೋಟಕ್ಕೆ ಹೆಸರಘಟ್ಟದ ಬೀಜ: ಯಾವುದು ತರಬೇಕು, ಯಾವುದು ಬೇಡ

ಜೂನ್ ಹತ್ತಿರ ಬಂತೆಂದರೆ ಇಕೋ ಕ್ಲಬ್ ನೋಡಿಕೊಳ್ಳುವ ಮೇಷ್ಟ್ರು, ಮೇಡಂಗಳಿಗೆ ಬೀಜದ ಚಿಂತೆ ಹತ್ತುತ್ತದೆ. ಊರಿನ ಗೊಬ್ಬರದಂಗಡಿಯಲ್ಲಿ ಇರುವುದು ಹೆಚ್ಚಾಗಿ ಎಕರೆ ಲೆಕ್ಕದ ಹೈಬ್ರಿಡ್ ಪ್ಯಾಕೆಟ್. ಸಂತೆಯಲ್ಲಿ ಸಿಗುವ ಬಿಡಿ ಬೀಜಕ್ಕೆ ತಳಿಯ ಹೆಸರೂ ಇಲ್ಲ, ವರ್ಷವೂ ಇಲ್ಲ. ಇವೆರಡರ ನಡುವೆ ಶಾಲೆಗಳಿಗೆ ಒಗ್ಗುವುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು. ಸಂಸ್ಥೆಯ ಮಾರಾಟ ಕೇಂದ್ರದಲ್ಲಿ ಕೈಯಾರೆ ಆರಿಸಿ ತರಬಹುದು, ಆನ್‌ಲೈನ್‌ನಲ್ಲೂ ತರಿಸಬಹುದು.

ಆದರೆ ಈ ತಳಿಗಳನ್ನು ರೂಪಿಸಿದ್ದು ರೈತರಿಗಾಗಿ. ರೈತನಿಗೆ ಭಾನುವಾರದ ರಜೆಯಿಲ್ಲ, ದಸರಾ ರಜೆಯಿಲ್ಲ. ಶಾಲೆಯ ತೋಟಕ್ಕೆ ಎರಡೂ ಉಂಟು. ಕೊಯ್ಯುವವರು ಹತ್ತು ವರ್ಷದ ಮಕ್ಕಳು, ಕೊಯ್ದದ್ದು ಹೋಗುವುದು ಬಿಸಿಯೂಟದ ಪಾತ್ರೆಗೆ. ಆದ್ದರಿಂದ ಇಲ್ಲಿ ತಳಿಗಳನ್ನು ತೂಗಿರುವುದು ಇಳುವರಿಯ ತಕ್ಕಡಿಯಲ್ಲಲ್ಲ, ಶಾಲೆಯ ಕ್ಯಾಲೆಂಡರ್‌ನಲ್ಲಿ. ಜೂನ್ ನಡುವಿನಿಂದ ದಸರಾ ರಜೆಯವರೆಗೆ ಒಂದು ಬೆಳೆ, ರಜೆ ಮುಗಿದ ಮೇಲೆ ಫೆಬ್ರವರಿ ಕೊನೆಯವರೆಗೆ ಇನ್ನೊಂದು. ಮಾರ್ಚ್‌ನಲ್ಲಿ ಪರೀಕ್ಷೆಯೂ ಬರುತ್ತದೆ, ಬೋರ್‌ವೆಲ್ ನೀರೂ ಇಳಿಯುತ್ತದೆ. ಆ ತಿಂಗಳನ್ನು ನೆಚ್ಚಿಕೊಂಡು ಏನನ್ನೂ ಬಿತ್ತಬಾರದು.

ಒಂದೇ ಒಂದು ಪ್ಯಾಕೆಟ್ ಕೊಳ್ಳಲು ದುಡ್ಡಿದ್ದರೆ ಅದು ಅರ್ಕಾ ಸುಗುಣ ಆಗಿರಲಿ. ತಿಳಿಹಸಿರು ಅಗಲ ಎಲೆಯ ದಂಟಿನ ಸೊಪ್ಪು. ಬಿತ್ತಿದ 25-30 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ಚಿಗುರಿದಂತೆಲ್ಲ ಕೊಯ್ಯುತ್ತ ಮೂರು ತಿಂಗಳಲ್ಲಿ ಐದಾರು ಸಲ ಸಿಗುತ್ತದೆ. ಬಿಸಿಯೂಟದ ಲೆಕ್ಕಕ್ಕೆ ಹಚ್ಚಿ ನೋಡಿ. ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. 60 ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ 3 ಕಿಲೋ ಆಯಿತು. ಈ ತಳಿಯ ಇಳುವರಿ ಹೆಕ್ಟೇರಿಗೆ ಸುಮಾರು 25 ಟನ್, ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಹತ್ತು ಚದರ ಮೀಟರ್ ಮಡಿಯಿಂದ ಐದು ಕೊಯ್ಲಿಗೆ ಭಾಗಿಸಿದರೆ ಸಲಕ್ಕೆ 5 ಕಿಲೋ. ಶಾಲೆಯ ಮಣ್ಣು, ಶಾಲೆಯ ನೀರು ಎಂದು ಅರ್ಧ ಕಳೆದರೂ ಒಂದು ದಿನದ ಸಾರಿಗೆ ಹೆಚ್ಚುಕಡಿಮೆ ಸಾಲುತ್ತದೆ. ಇಷ್ಟು ಬೇಗ, ಇಷ್ಟು ಸಲ ಮಕ್ಕಳ ಕೈಗೆ ಫಲ ಕೊಡುವ ಬೇರೆ ತರಕಾರಿಯಿಲ್ಲ.

ಕೆಡುವುದು ಬಿತ್ತುವಾಗಲೇ. ದಂಟಿನ ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು. ಮಕ್ಕಳ ಕೈಗೆ ಹಾಗೇ ಕೊಟ್ಟರೆ ಒಂದು ಕಡೆ ಹಿಡಿ ಬೀಳುತ್ತದೆ, ಇನ್ನೊಂದು ಕಡೆ ಬೋಳು. ಹತ್ತು ಚದರ ಮೀಟರಿಗೆ 2 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೆ ಹತ್ತಿರ, ಬೀಜ ಸಾಕು. ಅದನ್ನು ಎರಡು ಲೋಟ ಒಣ ಮರಳಿಗೆ ಬೆರೆಸಿ, ಮರಳನ್ನು ಮಕ್ಕಳಿಗೆ ಸಮನಾಗಿ ಹಂಚಬೇಕು. ಒಂದು ಗೇಣು ಅಂತರದಲ್ಲಿ ಕಡ್ಡಿಯಿಂದ ಗೀರು ಎಳೆದು, ಗೀರಿನೊಳಗೆ ಮರಳು ಉದುರಿಸಿ, ಮೇಲೆ ಜರಡಿ ಹಿಡಿದ ಎರೆಗೊಬ್ಬರವನ್ನು ಬೀಜ ಮರೆಯಾಗುವಷ್ಟು ಮಾತ್ರ ಚಿಮುಕಿಸಬೇಕು. ಅರ್ಧ ಇಂಚು ಮಣ್ಣು ಮುಚ್ಚಿದರೂ ಬೀಜ ಸರಿಯಾಗಿ ಮೇಲೇಳುವುದಿಲ್ಲ. ಕೊಡದಿಂದ ನೀರು ಸುರಿದರೆ ಬೀಜವೆಲ್ಲ ಮಡಿಯ ಅಂಚಿಗೆ ತೇಲಿಹೋಗುತ್ತದೆ. ಮುಚ್ಚಳಕ್ಕೆ ಸಣ್ಣ ತೂತು ಕೊರೆದ ನೀರಿನ ಬಾಟಲಿಯೇ ಇಲ್ಲಿ ಹೂಜಿ. ಇನ್ನು ಇರುವೆ. ಬಿತ್ತಿದ ಮರುದಿನವೇ ಸಾಲುಗಟ್ಟಿ ಬಂದು ಬೀಜ ಹೊತ್ತೊಯ್ಯುತ್ತವೆ. ಮಡಿಯ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿದರೆ ಅದನ್ನು ಹೊರುವುದರಲ್ಲೇ ಅವಕ್ಕೆ ದಿನ ಕಳೆಯುತ್ತದೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತದೆ.

ಕೊಯ್ಲಿನಲ್ಲಿ ಒಂದೇ ನಿಯಮ: ಕೀಳಬಾರದು. ನೆಲದಿಂದ ನಾಲ್ಕು ಬೆರಳು ಬಿಟ್ಟು, ಕೆಳಗೆ ಎರಡು ಮೂರು ಗೆಣ್ಣು ಉಳಿಯುವಂತೆ ಕತ್ತರಿಯಿಂದ ಕತ್ತರಿಸಬೇಕು. ಚಿಗುರು ಬರುವುದು ಆ ಗೆಣ್ಣುಗಳಿಂದಲೇ. ಜುಲೈ ಆಗಸ್ಟ್ ಮಳೆಯಲ್ಲಿ ಎಲೆಯ ಅಡಿಭಾಗದಲ್ಲಿ ಸುಣ್ಣದ ಹನಿಯಂಥ ಬಿಳಿ ಗುಳ್ಳೆ ಕಂಡರೆ ಅದು ಬಿಳಿ ತುಕ್ಕು. ಸುಗುಣ ಇದನ್ನು ಒಂದು ಮಟ್ಟಿಗೆ ತಡೆಯುತ್ತದೆ, ಪೂರ್ತಿ ಅಲ್ಲ. ಒತ್ತಾಗಿ ಬೆಳೆದ ಮಡಿಗೇ ಮೊದಲು ತಗಲುವುದು. ಆ ಎಲೆ ತೆಗೆದು ಹೊರಹಾಕಿ, ಸಾಲು ತೆಳುಮಾಡಿ, ನೀರನ್ನು ಬುಡಕ್ಕೆ ಮಾತ್ರ ಕೊಟ್ಟರೆ ನಡೆದೀತು. ತಿನ್ನುವ ಸೊಪ್ಪಿಗೆ ಔಷಧಿ ಹೊಡೆಯುವ ಮಾತೇ ಬೇಡ. ಕೆನ್ನೇರಳೆ ಎಲೆಯ ಅರ್ಕಾ ಅರುಣಿಮಾ ನೋಡಲು ಚೆಂದ, ಮಕ್ಕಳಿಗೆ ಕಳೆ ಯಾವುದು ಬೆಳೆ ಯಾವುದು ಎಂದು ತಟ್ಟನೆ ಗೊತ್ತಾಗುತ್ತದೆ. ಆದರೆ ಕೊಯ್ಲಿನ ಸಂಖ್ಯೆ ಕಡಿಮೆ, ಸಾರಿನ ಬಣ್ಣವನ್ನೂ ಬದಲಿಸುತ್ತದೆ. ಅಡುಗೆಯವರನ್ನು ಮೊದಲೇ ಕೇಳಿಕೊಂಡು ಒಂದು ಸಾಲು ಹಾಕಿದರೆ ಸಾಕು.

ಎರಡನೆಯ ಆಯ್ಕೆ ಅರ್ಕಾ ಅನಾಮಿಕ ಬೆಂಡೆ. ಮುಳ್ಳಿಲ್ಲದ ಕಾಯಿ, ಬೀಜ ದಪ್ಪ, ಮಕ್ಕಳ ಬೆರಳಿಗೆ ಹಿಡಿತ ಸಿಗುತ್ತದೆ. ಹಿಂದಿನ ರಾತ್ರಿ ನೆನೆಸಿ, ಮುಳುಗಿದ್ದನ್ನು ಮಾತ್ರ ಒಂದೂವರೆ ಎರಡು ಸೆಂಟಿಮೀಟರ್ ಆಳಕ್ಕೆ ಊರಬೇಕು. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದಡಿ, ಗುಣಿಗೆ ಎರಡು ಬೀಜ. ಬೆಂಡೆ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣವೇ ಶೇ 65, ಹಾಗಾಗಿ ಒಂದೊಂದೇ ಊರಿದರೆ ಸಾಲಿನಲ್ಲಿ ಹಲ್ಲು ಬಿದ್ದಂತಾಗುತ್ತದೆ. ಒಂದೂವರೆ ತಿಂಗಳಲ್ಲಿ ಕಾಯಿ ಶುರು.

ಈ ತಳಿ ಹೆಸರು ಮಾಡಿದ್ದೇ ಹಳದಿ ನಂಜು ರೋಗವನ್ನು ತಡೆದುಕೊಂಡದ್ದಕ್ಕೆ. ಕಾಡು ಬೆಂಡೆಯ ಜಾತಿಯೊಂದಿಗೆ ಸಂಕರ ಮಾಡಿ ಆ ಗುಣ ತಂದದ್ದು. ದಶಕಗಳು ಕಳೆದ ಮೇಲೆ ಆ ತಡೆ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಎಲೆಯ ನರಗಳೆಲ್ಲ ಹಳದಿ ಬಲೆಯಂತೆ ಎದ್ದು ಕಂಡ ಗಿಡವನ್ನು ಅವತ್ತೇ ಕಿತ್ತು ಹೊರಹಾಕಬೇಕು. ಬಿಳಿ ನೊಣ ಪಕ್ಕದ ಗಿಡಕ್ಕೆ ಹೊತ್ತೊಯ್ಯುತ್ತದೆ. ಕಾಯಿ ಬಂದಿದೆಯಲ್ಲ ಎಂದು ಕನಿಕರ ತೋರಿ ಉಳಿಸಿದರೆ ಸಾಲು ಪೂರ್ತಿ ಹೋಗುತ್ತದೆ.

ಶಾಲೆಗಳಲ್ಲಿ ಬೆಂಡೆ ಸೋಲುವುದು ರೋಗಕ್ಕಿಂತ ಹೆಚ್ಚಾಗಿ ವಾರದ ಕೊನೆಗೆ. ದಿನ ಬಿಟ್ಟು ದಿನ ಕೊಯ್ಯಬೇಕಾದ ಕಾಯಿಯನ್ನು ಶುಕ್ರವಾರ ಬಿಟ್ಟು ಸೋಮವಾರ ನೋಡಿದರೆ ನಾರಾಗಿರುತ್ತದೆ. ಸಾಲದ್ದಕ್ಕೆ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂವೂ ಕಡಿಮೆ. ಶನಿವಾರ ಬೆಳಗಿನ ಕೊಯ್ಲನ್ನು ಕಡ್ಡಾಯ ಮಾಡಿ, ಅವತ್ತು ಬೆರಳುದ್ದದ ಎಳೆ ಕಾಯನ್ನೂ ಬಿಡದೆ ಕೊಯ್ಯಿಸಿ. ಪರೀಕ್ಷೆ ಸುಲಭ: ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಟಕ್ಕೆಂದು ಮುರಿದರೆ ಅಡುಗೆಗೆ, ಬಾಗಿದರೆ ಬೀಜಕ್ಕೆ. ಕಾಯಿಗೆ ಮುಳ್ಳಿಲ್ಲದಿದ್ದರೂ ಗಿಡದ ಸುಂಕು ತಾಗಿ ಮೈ ನವೆಯಾಗುತ್ತದೆ. ತುಂಬು ತೋಳಿನ ಅಂಗಿ ಇಲ್ಲದ ಮಗುವನ್ನು ಸಾಲಿನ ಒಳಗೆ ಬಿಡಬೇಡಿ.

ಅರ್ಕಾ ಕೋಮಲ್ ಹುರುಳಿಕಾಯಿ ಪೊದೆಯಂತೆ ಬೆಳೆಯುತ್ತದೆ. ಕೋಲು, ದಾರ, ಚಪ್ಪರದ ಗೋಜಿಲ್ಲ, 70 ದಿನಕ್ಕೆ ಬೆಳೆ ಮುಗಿಯುತ್ತದೆ. ಜೂನ್‌ನಲ್ಲಿ ಬಿತ್ತಿ ಆಗಸ್ಟ್ ಕೊನೆಗೆ ಮಡಿ ಖಾಲಿ ಮಾಡಬಹುದು, ಶಾಲೆಗೆ ಇದಕ್ಕಿಂತ ಅನುಕೂಲವೇನಿದೆ? ಆದರೆ ಇದು ಬೆಂಗಳೂರು, ಹಾಸನ, ಚಿಕ್ಕಮಗಳೂರಿನ ಹವೆಗೆ ಸರಿ. ಬಿಸಿಲು 32 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಬೆಂಡೆಯಂತೆ ಇದನ್ನೂ ರಾತ್ರಿಯಿಡೀ ನೆನೆಸುವವರಿದ್ದಾರೆ. ಬೀಜ ಬಿರಿದು ಮಣ್ಣಿನಲ್ಲೇ ಕೊಳೆಯುತ್ತದೆ, ಒಣ ಬೀಜವನ್ನೇ ಹದ ಮಣ್ಣಿಗೆ ಊರಬೇಕು. ರಾಯಚೂರು, ಕಲಬುರಗಿ ಕಡೆಯ ಶಾಲೆಗಳು ಇದರ ಬದಲು ಅರ್ಕಾ ಗರಿಮಾ ಅಲಸಂದೆ ತರಿಸಿಕೊಳ್ಳಲಿ. ಬಿಸಿಲನ್ನೂ ನೀರಿನ ಕೊರತೆಯನ್ನೂ ತಾಳುವ ತಳಿ ಅದು. ಚಿಗುರಿಗೆ ಕಪ್ಪು ಹೇನು ಮುತ್ತಿದರೆ ಬೆಳಿಗ್ಗೆ ನೀರು ಜೋರಾಗಿ ಚಿಮ್ಮಿಸಿ ಉದುರಿಸುವುದು ಮಕ್ಕಳಿಗೆ ಇಷ್ಟದ ಕೆಲಸ. ಒಂದು ಎಚ್ಚರಿಕೆ: ಹುರುಳಿಕಾಯಿ, ಅವರೆಯ ಕಾಳನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳಬಾರದು, ಹೊಟ್ಟೆ ಕೆಡುತ್ತದೆ. ತೋಟದಲ್ಲಿ ಕಿತ್ತು ಅಲ್ಲೇ ತಿನ್ನುವ ಅಭ್ಯಾಸವಿರುವ ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ.

ದಸರಾ ನಂತರಕ್ಕೆ ಅರ್ಕಾ ಜಯ್ ಅಥವಾ ಅರ್ಕಾ ವಿಜಯ್ ಅವರೆ. ನಾಡ ಅವರೆ ಹೂಬಿಡುವುದು ಹಗಲು ಮೋಟಾದ ಮೇಲೆ, ಬಳ್ಳಿ ಹಬ್ಬಲು ಜಾಗವೂ ಬೇಕು. ಇವು ಗಿಡ್ಡ ಗಿಡಗಳು, ಯಾವ ತಿಂಗಳಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ಸೊಗಡಿನಲ್ಲಿ ಮಾತ್ರ ಮಾಗಿಯ ನಾಡ ಅವರೆಗೆ ಸಮವಲ್ಲ, ಆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಜೊತೆಗೆ ಅರ್ಕಾ ನಿಶಾಂತ್ ಮೂಲಂಗಿ, ಸುಮಾರು 50 ದಿನದ ಬೆಳೆ. ಮಣ್ಣಿನಲ್ಲಿ ಕಲ್ಲು, ಹಸಿ ಗೊಬ್ಬರ ಇದ್ದರೆ ಎಂಥ ತಳಿಯೂ ಕವಲೊಡೆಯುತ್ತದೆ. ಒಂದಡಿ ಆಳಕ್ಕೆ ಅಗೆದು ಕಲ್ಲು ಆರಿಸಿ, ಮೊಳೆತ ಮೇಲೆ ಅರ್ಧ ಗೇಣಿಗೆ ಒಂದರಂತೆ ಉಳಿಸಿ ಮಿಕ್ಕಿದ್ದನ್ನು ಸೊಪ್ಪಿನ ಪಲ್ಯಕ್ಕೆ ಕಳಿಸಿ. ಪಾಲಕ್‌ಗೆ ಅರ್ಕಾ ಅನುಪಮ ಚೆನ್ನಾಗಿದೆ, ಹೆಚ್ಚು ಹೇಳುವುದಕ್ಕೇನಿಲ್ಲ.

ತರಬಾರದ್ದು ಯಾವುದು ಎಂದರೆ ಎಲ್ಲರೂ ಕೇಳಿ ತರುವ ಅರ್ಕಾ ರಕ್ಷಕ್ ಟೊಮೆಟೊ. ಎಲೆಮುರುಟು ನಂಜು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಎಂಬುದು ನಿಜ. ರೈತರಿಗೆ ಒಳ್ಳೆಯ ತಳಿ. ಆದರೆ ನರ್ಸರಿಯಿಂದ ಹಿಡಿದು ಬೆಳೆ ಮುಗಿಯುವವರೆಗೆ ನಾಲ್ಕೂವರೆ ತಿಂಗಳು ಬೇಕು, ಗಿಡಕ್ಕೆ ಕೋಲು ದಾರ ಬೇಕು, ಗೊಬ್ಬರವೂ ಬಹಳ ಕೇಳುತ್ತದೆ. ಹಣ್ಣು ಕೆಂಪಾಗುವ ಹೊತ್ತಿಗೆ ಸರಿಯಾಗಿ ದಸರಾ ರಜೆ ಬಂದು ಶಾಲೆಗೆ ಬೀಗ ಬೀಳುತ್ತದೆ.

ಬೀಜದ ಜೊತೆ ಅಲ್ಲಿ ಸಿಗುವ ಎರಡು ಉತ್ಪನ್ನಗಳ ಬಗ್ಗೆಯೂ ಹೇಳಬೇಕು. ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಪುಡಿಯಲ್ಲಿರುವುದು ಸಾರಜನಕ ಹಿಡಿದುಕೊಡುವ, ರಂಜಕ ಸತುವನ್ನು ಕರಗಿಸಿಕೊಡುವ ಜೀವಾಣುಗಳು. ಲೀಟರ್ ನೀರಿಗೆ 20 ಗ್ರಾಂ ಕದಡಿ, ಸಸಿಗೆ ಹತ್ತು ದಿನವಾದಾಗ ಬುಡಕ್ಕೆ ಸುರಿಯುವುದು ಶಾಲೆಗೆ ಸುಲಭದ ದಾರಿ. ಜೀವ ಇರುವ ವಸ್ತು, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಸತ್ತ ಪುಡಿ. ಒಣ ಮಣ್ಣಿಗೆ, ನಡುಮಧ್ಯಾಹ್ನ, ಶಿಲೀಂಧ್ರನಾಶಕದ ಜೊತೆ ಹಾಕಿದರೂ ದಂಡ. ಇದು ಕೊಟ್ಟಿಗೆ ಗೊಬ್ಬರಕ್ಕೆ ಬದಲಿಯೂ ಅಲ್ಲ. ಚದರ ಮೀಟರಿಗೆ ಎರಡು ಮೂರು ಕಿಲೋ ಕಳಿತ ಗೊಬ್ಬರ ಬಿದ್ದ ಮಣ್ಣಿನಲ್ಲೇ ಇದರ ಕೆಲಸ ಕಾಣುವುದು. ಕೊಳ್ಳಬಹುದು.

ಇನ್ನೊಂದು ಅರ್ಕಾ ವೆಜಿಟೇಬಲ್ ಸ್ಪೆಷಲ್, ಎಲೆಗೆ ಸಿಂಪಡಿಸುವ ಲಘು ಪೋಷಕಾಂಶ. ನೀರಿಗೆ ನಿಂಬೆರಸ, ಒಂದು ಶಾಂಪೂ ಸ್ಯಾಶೆ ಬೆರೆಸಿ ಹೊಡೆಯುವ ಕ್ರಮವಿದೆ. ಶಾಂಪೂ ಹಾಕುವುದು ದ್ರಾವಣ ಎಲೆಗೆ ಅಂಟಲಿ ಎಂದು. ರೈತರ ಹೊಲದಲ್ಲಿ ಉಪಯುಕ್ತವೇ. ಆದರೆ ಬೆಳೆಯಿಂದ ಬೆಳೆಗೆ ಪ್ರಮಾಣ ಬೇರೆ, ಗ್ರಾಂ ಲೆಕ್ಕದ ತಕ್ಕಡಿ ಬೇಕು, ಗಟ್ಟಿಯಾದರೆ ಎಲೆ ಸುಡುತ್ತದೆ. ಸೊಪ್ಪೇ ಹೆಚ್ಚಿರುವ ಶಾಲಾ ತೋಟಕ್ಕೆ ಅದರ ದುಡ್ಡಿನಲ್ಲಿ ಎರೆಗೊಬ್ಬರ ತರುವುದು ಮೇಲು.

ಕೊಳ್ಳುವಾಗ ಪ್ಯಾಕೆಟ್ ಹಿಂಬದಿಯ ಚೀಟಿಯಲ್ಲಿ ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ, ಅವಧಿ ಮೂರನ್ನೂ ನೋಡಿ. ಬಂದ ತಕ್ಷಣ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮಕ್ಕಳಿಂದಲೇ ಎಣಿಸಿದರೆ ಗಣಿತದ ಪಾಠವೂ ಆಯಿತು. ಬೀಜಕ್ಕೆ ಗುಲಾಬಿ ಅಥವಾ ನೀಲಿ ಬಣ್ಣ ಬಳಿದಿದ್ದರೆ ಅದು ಔಷಧಿ ಲೇಪ. ಅಂಥದ್ದನ್ನು ಮಕ್ಕಳ ಬರಿಗೈಗೆ ಕೊಡಬೇಡಿ, ದೊಡ್ಡವರು ಕೈಗವಸು ಹಾಕಿ ಊರಲಿ.

ಸುಗುಣ, ಅನಾಮಿಕ, ಕೋಮಲ್, ಗರಿಮಾ, ಜಯ್ ಯಾವುದೂ ಹೈಬ್ರಿಡ್ ಅಲ್ಲ, ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದು. ಹುರುಳಿಕಾಯಿಯದು ತನ್ನಷ್ಟಕ್ಕೆ ಪರಾಗ ಕಟ್ಟುವ ಹೂ, ತಳಿ ಕೆಡುವುದಿಲ್ಲ. ಬೆಂಡೆಗೆ ಜೇನು ಬರುತ್ತದೆ, ಪಕ್ಕದಲ್ಲಿ ಬೇರೆ ಬೆಂಡೆ ಇದ್ದರೆ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ದಂಟಿನ ಪರಾಗ ಗಾಳಿಯಲ್ಲಿ ಹಾರುತ್ತದೆ, ಬೇಲಿಯ ಕಾಡು ಹರಿವೆ ಬೆರೆತು ಎಲೆ ಸಣ್ಣದಾಗುತ್ತ ಹೋಗುತ್ತದೆ. ಅದರ ಪ್ಯಾಕೆಟ್ ಮಾತ್ರ ವರ್ಷವರ್ಷ ಹೊಸದಾಗಿ ತರಿಸಿ. ಇಟ್ಟ ಬೀಜವನ್ನು ನೆರಳಲ್ಲಿ ಒಣಗಿಸಿ, ಒಲೆಬೂದಿ ಬೆರೆಸಿ ಗಾಜಿನ ಬಾಟಲಿಗೆ ತುಂಬಿ, ತಳಿಯ ಹೆಸರು ಮತ್ತು ತಿಂಗಳು ಬರೆದ ಚೀಟಿಯನ್ನು ಹೊರಗಲ್ಲ, ಬಾಟಲಿಯ ಒಳಗೇ ಹಾಕಿ. ಹೊರಗೆ ಅಂಟಿಸಿದ್ದು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಜಿರಲೆಯ ಪಾಲು.