ಹೋಂಸ್ಟೇಗೆ ಹೋದರೆ ಮೊದಲು ಬಾತ್‌ರೂಮಿನ ಕಿಟಕಿ ನೋಡಿ

ಇದನ್ನು ಬರೆಯೋಕೆ ನನಗೆ ಐದು ವಾರ ಬೇಕಾಯಿತು. ಕೂತಾಗಲೆಲ್ಲ ಬಾಗಿಲು ಒಡೆದ ಆ ಸದ್ದು ನೆನಪಾಗಿ ಫೋನ್ ಪಕ್ಕಕ್ಕೆ ಇಡುತ್ತಿದ್ದೆ. ಈಗ ಶಿವರಾತ್ರಿ ಹತ್ತಿರ ಬಂತು, ನನ್ನ ಗೆಳತಿಯರಲ್ಲೇ ಇಬ್ಬರು ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಡ್ಯಾಮಿನ ಕಡೆ ಉಳಿಯೋಕೆ ಎಲ್ಲಿ ಚೆನ್ನಾಗಿದೆ ಅಂತ ಕೇಳಿದರು. ಇನ್ನು ಸುಮ್ನೆ ಇರಬಾರದು ಅನ್ನಿಸಿತು.

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಹಾಕಿದ್ದು, ಗಾಳಿ ಹೋಗೋಕೆ ದಾರಿ ಇಲ್ಲದಿದ್ದರೆ ಅಲ್ಲಿ ಸ್ನಾನ ಮಾಡಬೇಡಿ. ಮಕ್ಕಳನ್ನಂತೂ ಕಳಿಸಲೇಬೇಡಿ. ನಮ್ಮ ಮಗಳು ಇವತ್ತು ಶಾಲೆಗೆ ಹೋಗುತ್ತಿದ್ದಾಳೆ ಅಂದರೆ ಅದಕ್ಕೆ ಕಾರಣ ಆ ಬಾಗಿಲಿನ ಚಿಲಕದ ಸ್ಕ್ರೂ ಸಡಿಲ ಇದ್ದದ್ದು, ಅಷ್ಟೇ.

ನಾವು ದಾವಣಗೆರೆಯವರು. ಡಿಸೆಂಬರ್ ಕೊನೆಯ ವಾರ ಶಾಲೆಗೆ ರಜೆ ಇತ್ತು. ನಾನು, ನಮ್ಮನೆಯವರು, ಹನ್ನೆರಡು ವರ್ಷದ ಮಗಳು, ನಮ್ಮ ಅತ್ತೆ, ನಾಲ್ಕು ಜನ ಹೊರಟೆವು. ಅತ್ತೆಗೆ ವಾಣಿವಿಲಾಸ ಸಾಗರ ತುಂಬಿದ್ದನ್ನು ನೋಡುವ ಆಸೆ. ನಮ್ಮ ಕಡೆಯವರಿಗೆ ಗೊತ್ತೇ ಇದೆ, 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮು ಅದು, 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ 130 ಅಡಿ ಮುಟ್ಟಿ ಹರಿದಿದ್ದು 89 ವರ್ಷ ಆದಮೇಲೆ, 2022ರಲ್ಲಿ. 2025ರ ಜನವರಿಯಲ್ಲೂ ಹರಿಯಿತು. ಅತ್ತೆ ಚಿಕ್ಕವರಿದ್ದಾಗ ಅಲ್ಲಿ ಬರೀ ಕಲ್ಲು, ಬಿರುಕು ಬಿಟ್ಟ ಮಣ್ಣು ನೋಡಿದ್ದರಂತೆ. ಈಗ ಹಿನ್ನೀರು ಹೊಸದುರ್ಗದ ಕಡೆ ತೋಟಗಳ ಹತ್ತಿರದವರೆಗೆ ನಿಂತಿದೆ. ನೀರು ಬಂದ ಮೇಲೆ ಜನ ಬಂದರು, ಜನ ಬಂದ ಮೇಲೆ ತೋಟದ ಮನೆಗೆ ಎರಡು ಕೋಣೆ ಸೇರಿಸಿ ಬೋರ್ಡು ಹಾಕಿದವರೂ ಬಂದರು. ಅದರಲ್ಲಿ ತಪ್ಪೇನಿಲ್ಲ. ಮಳೆ ನಂಬಿ ಕೂತವರಿಗೆ ನಾಲ್ಕು ಕಾಸು ಬಂದರೆ ಒಳ್ಳೆಯದೇ.

ನಾವು ಬುಕ್ ಮಾಡಿದ್ದೂ ಅಂಥದ್ದೇ ಒಂದು ಮನೆ. ಮೂರು ಕೋಣೆ. ರಾತ್ರಿಗೆ ಎರಡೂವರೆ ಸಾವಿರ, ಬೆಳಗಿನ ತಿಂಡಿ ಸೇರಿ. ಹೆಸರು ಬರೆಯುತ್ತಿಲ್ಲ. ದೂರು ಕೊಟ್ಟಿದ್ದೇವೆ, ಅದು ಅದರ ದಾರಿಯಲ್ಲಿ ಹೋಗಲಿ. ಅದಕ್ಕಿಂತ ದೊಡ್ಡ ಕಾರಣ ಏನಂದರೆ, ಹೆಸರು ಹೇಳಿದರೆ ನೀವು ಆ ಒಂದು ಮನೆ ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ, ಅಲ್ಲಿಯೂ ಇದೇ ಗೀಸರ್ ಇರಬಹುದು.

ನ್ಯಾಯವಾಗಿ ಹೇಳಬೇಕಂದರೆ ಜಾಗ ತುಂಬಾ ಚೆನ್ನಾಗಿತ್ತು. ಫೋಟೋದಲ್ಲಿ ತೋರಿಸಿದ ಹಾಗೇ ಇತ್ತು. ಜಗಲಿಯಲ್ಲಿ ಕೂತರೆ ಎದುರಿಗೆ ನೀರು, ಅದರಾಚೆ ಗುಡ್ಡ, ಗುಡ್ಡದ ಮೇಲೆ ಗಾಳಿಕಂಬಗಳು. ರಾತ್ರಿ ಮುದ್ದೆ, ಬಸ್ಸಾರು ಹಾಕಿದರು. ಆ ಮನೆಯ ಹೆಂಗಸು ಅತ್ತೆಗೆ ಬಿಸಿನೀರು ಕೊಟ್ಟು, ಕಾಲಿಗೆ ದಿಂಬು ತಂದಿಟ್ಟು ಮನೆಯವರ ಹಾಗೆ ನೋಡಿಕೊಂಡರು. ಚಳಿ ಜಾಸ್ತಿ ಇದೆ ಅಂತ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ತಂದು ಕೋಣೆಯೊಳಗೇ ಇಡುತ್ತೇವೆ ಅಂದರು. ಅತ್ತೆಗೆ ಹೊಗೆ ಆಗಲ್ಲ, ಬೇಡ ಅಂದೆವು. ಅದೂ ಎಂಥ ಅಪಾಯ ಅಂತ ಆಗ ನಮಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಏಳು ಗಂಟೆ. ಕರೆಂಟ್ ಇರಲಿಲ್ಲ. ಬಿಸಿನೀರಿಗೆ ಚಿಂತೆ ಬೇಡ, ಗ್ಯಾಸ್ ಗೀಸರ್ ಇದೆ, ನಲ್ಲಿ ತಿರುಗಿಸಿದರೆ ತಾನೇ ಹತ್ತಿಕೊಳ್ಳುತ್ತೆ ಅಂತ ಹೇಳಿ ಓನರ್ ಹಾಲು ತರೋಕೆ ಹೋದರು.

ಆ ಬಾತ್‌ರೂಮು ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನೀವು ನೋಡಬೇಕಾದ್ದು ಇದನ್ನೇ. ನಾಲ್ಕಡಿ ಅಗಲ, ಆರಡಿ ಉದ್ದ ಇರಬಹುದು. ಬಾಗಿಲಿನ ಹಿಂದಿನ ಗೋಡೆಗೆ ಗೀಸರ್, ಅದರ ಕೆಳಗೆ ಮೂಲೆಯಲ್ಲಿ ಸಿಲಿಂಡರ್. ಮೇಲೆ ಗಾಜಿನ ಪಟ್ಟಿಗಳ ಚಿಕ್ಕ ಕಿಟಕಿ ಇತ್ತು. ಆದರೆ ನೀರಿನ ಕಡೆಯಿಂದ ಸೊಳ್ಳೆ, ಚಳಿಗಾಳಿ ಬರುತ್ತೆ ಅಂತ ಅದಕ್ಕೆ ಥರ್ಮೋಕೋಲ್ ಕತ್ತರಿಸಿ ಇಟ್ಟು ನಾಲ್ಕೂ ಕಡೆ ಕಂದು ಟೇಪ್ ಸುತ್ತಿದ್ದರು. ಆವಿ ತಾಗಿ ಟೇಪಿನ ಒಂದು ತುದಿ ಬಿಟ್ಟುಕೊಂಡು ಸುರುಳಿಯಾಗಿತ್ತು. ಎಕ್ಸಾಸ್ಟ್ ಫ್ಯಾನ್ ಇತ್ತು, ಕರೆಂಟೇ ಇಲ್ಲ. ಗೀಸರ್ ಮೇಲಿನ ಬಿಳಿ ಟೈಲ್ಸ್ ಮೇಲೆ ಅಂಗೈ ಅಗಲ ಕಪ್ಪು ಮಸಿ. ಒಲೆಯ ಹಿಂದಿನ ಗೋಡೆಗೆ ಕೂರುತ್ತಲ್ಲ, ಹಾಗೆ. ಗೀಸರಿನ ಚಿಕ್ಕ ಕಿಂಡಿಯಲ್ಲಿ ಉರಿ ಕಾಣುತ್ತಿತ್ತು, ನೀಲಿ ಅಲ್ಲ, ಹಳದಿ. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಏನರ್ಥ ಅಂತ ಗೊತ್ತಿರಲಿಲ್ಲ.

ಮೊದಲು ನಮ್ಮನೆಯವರು ಹೋದರು. ಐದು ನಿಮಿಷದಲ್ಲಿ ಹೊರಗೆ ಬಂದರು. ಆಮೇಲೆ ನಾನು. ಹತ್ತು ನಿಮಿಷ ಆಗಿರಬಹುದು, ಸೀರೆ ಸುತ್ತಿಕೊಳ್ಳುವಾಗ ಹಣೆಯ ಎರಡೂ ಕಡೆ ಬಿಗಿ ಹಿಡಿದ ಹಾಗೆ ನೋವು. ಹೊಸ ಜಾಗ, ನಿದ್ದೆ ಆಗಿಲ್ಲ, ಅದಕ್ಕೆ ಅಂದುಕೊಂಡೆ. ಆಮೇಲೆ ಮಗಳು ತಲೆಸ್ನಾನ ಮಾಡ್ತೀನಿ ಅಂತ ಹೋದಳು. ಅವಳಿಗೆ ಸೊಂಟದವರೆಗೆ ಕೂದಲು. ತಲೆಸ್ನಾನ ಅಂದರೆ ಇಪ್ಪತ್ತು ನಿಮಿಷ ಆಗೋದೇ.

ನಾನು ಬ್ಯಾಗ್ ಜೋಡಿಸುತ್ತಿದ್ದೆ. ಒಳಗೆ ನೀರು ಬೀಳುವ ಸದ್ದು ಬರುತ್ತಲೇ ಇತ್ತು. ಚೊಂಬು ಬಿದ್ದ ಸದ್ದು ಕೇಳಿತು. ಆಗಲೂ ಕೈಜಾರಿರಬೇಕು ಅಂದುಕೊಂಡೆ. ಅತ್ತೆಯೇ ಎದ್ದು ಬಂದು, ಬಕೆಟ್ ತುಂಬಿ ನೀರು ಹೊರಗೆ ಹರಿಯುತ್ತಿರುವ ಸದ್ದು ಅದು, ಮೈಮೇಲೆ ಹಾಕಿಕೊಳ್ಳುವ ಸದ್ದಲ್ಲ, ಕೂಗಿ ನೋಡು ಅಂದರು. ಕೂಗಿದೆ. ಬಾಗಿಲು ಬಡಿದೆ. ಉತ್ತರ ಇಲ್ಲ. ನಮ್ಮನೆಯವರು ಜಗಲಿಯಿಂದ ಓಡಿ ಬಂದು ಭುಜ ಕೊಟ್ಟು ಎರಡು ಸಲ ತಳ್ಳಿದರು, ಎರಡನೇ ಸಲಕ್ಕೆ ಚಿಲಕ ಕಿತ್ತು ಬಂತು. ಅವಳು ಗೋಡೆಗೆ ಒರಗಿ ಕೂತಿದ್ದಳು, ತಲೆ ಎದೆಗೆ ಬಾಗಿತ್ತು, ಕೂದಲಲ್ಲಿ ಶಾಂಪೂ ನೊರೆ ಹಾಗೇ ಇತ್ತು.

ಟವೆಲ್ ಸುತ್ತಿ ಎತ್ತಿಕೊಂಡು ಜಗಲಿಗೆ ತಂದು ಮಲಗಿಸಿದೆವು. ಒಳ್ಳೆಯದಾಗಿದ್ದು ಅದೊಂದೇ. ಹಿನ್ನೀರಿನ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎರಡು ಮೂರು ನಿಮಿಷಕ್ಕೆ ಕಣ್ಣು ಬಿಟ್ಟಳು. ವಾಂತಿ ಮಾಡಿದಳು. ಅಮ್ಮ, ಕಾಲು ಎತ್ತೋಕೆ ಆಗಲಿಲ್ಲ, ಚಿಲಕ ಕಾಣ್ತಿತ್ತು ಆದ್ರೆ ಎದ್ದೇಳೋಕೆ ಆಗಲಿಲ್ಲ ಅಂದಳು. ಈ ಮಾತು ನೆನಪಿಟ್ಟುಕೊಳ್ಳಿ. ತಲೆ ಸುತ್ತಿದರೆ ಹೊರಗೆ ಬಂದರಾಯಿತು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಬರೋಕೆ ಆಗಲ್ಲ. ಬುದ್ಧಿಗೆ ಗೊತ್ತಾಗುವ ಹೊತ್ತಿಗೆ ಕೈಕಾಲು ಸೋತಿರುತ್ತೆ.

ಅಷ್ಟರಲ್ಲಿ ಓನರ್ ಬಂದರು. ಖಾಲಿ ಹೊಟ್ಟೆಯಲ್ಲಿ ಬಿಸಿನೀರು ಹಾಕಿಕೊಂಡರೆ ಪಿತ್ತ ಆಗಿ ಹೀಗಾಗುತ್ತೆ, ನಿಂಬೆಹಣ್ಣಿನ ಶರಬತ್ತು ಕೊಡಿ ಅಂದರು. ಗ್ಯಾಸ್ ಇರಬಹುದು ಅಂತ ನಮ್ಮನೆಯವರು ಅಂದಿದ್ದಕ್ಕೆ, ಗ್ಯಾಸ್ ಲೀಕ್ ಆದರೆ ವಾಸನೆ ಬರಲ್ವಾ ಸಾರ್, ನಿಮಗೆ ಬಂತಾ ಅಂತ ಕೇಳಿದರು. ವಾಸನೆ ಇರಲಿಲ್ಲ, ನಿಜ. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ತಂದು ಅವಳ ಬೆರಳಿಗೆ ಹಾಕಿದರು. 98 ತೋರಿಸಿತು. ನೋಡಿ, ನಿಮಗಿಂತ ಚೆನ್ನಾಗಿದ್ದಾಳೆ ಅಂದರು. ಒಂದು ಕ್ಷಣ ನಾನೂ ನಂಬಿಬಿಟ್ಟೆ. ಅತ್ತೆ ಒಪ್ಪಲಿಲ್ಲ. ತಿಂಡಿಯೂ ಬೇಡ ಏನೂ ಬೇಡ, ಗಾಡಿ ತೆಗಿ ಅಂದರು.

ಹತ್ತಿರದ ಆಸ್ಪತ್ರೆಯ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು. ಸ್ನಾನ ಮಾಡುವಾಗ ಬಿದ್ದಳು ಅಂದ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ, ಗ್ಯಾಸ್ ಗೀಸರಾ? ಹೌದು ಅನ್ನುವಷ್ಟರಲ್ಲಿ ಮಗಳಿಗೆ ಆಕ್ಸಿಜನ್ ಮಾಸ್ಕ್ ಹಾಕಿಸಿದ್ದರು. ನನಗೂ ತಲೆನೋವಿದೆ ಅಂದಾಗ ನನಗೂ ಹಾಕಿದರು. ಆಮೇಲೆ ನಿಧಾನಕ್ಕೆ ಹೇಳಿದ್ದನ್ನು ನನಗೆ ಅರ್ಥ ಆದ ಹಾಗೆ ಬರೆಯುತ್ತೇನೆ.

ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಲೀಕ್ ಆದರೆ ಗೊತ್ತಾಗಲಿ ಅಂತ. ಆದರೆ ಇಲ್ಲಿ ಗ್ಯಾಸ್ ಲೀಕ್ ಆಗಿರೋದೇ ಇಲ್ಲ. ಅದು ಉರಿಯುತ್ತಿರುತ್ತೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಉರಿಯೋಕೆ ಬೇಕಾದಷ್ಟು ಗಾಳಿ ಸಿಗದೆ ಹೋದಾಗ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ಆ ಹಳದಿ ಉರಿ, ಗೋಡೆಯ ಮಸಿ ಅದರದ್ದೇ ಗುರುತು. ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತೆ. ಆಮೇಲೆ ಆಕ್ಸಿಜನ್‌ಗೆ ಜಾಗವೇ ಇರಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ರಕ್ತದ ಕೆಂಪು ನೋಡಿ ಲೆಕ್ಕ ಹಾಕುತ್ತೆ, ಈ ವಿಷ ಅಂಟಿದ ರಕ್ತವೂ ಅದಕ್ಕೆ ಆಕ್ಸಿಜನ್ ಇರುವ ರಕ್ತದ ಹಾಗೇ ಕಾಣುತ್ತೆ. ಅದಕ್ಕೇ 98 ಬಂದಿದ್ದು. ಅದನ್ನು ನಂಬಿ ಶರಬತ್ತು ಕುಡಿಸಿಕೊಂಡು ಅಲ್ಲೇ ಕೂತಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡೋಕೂ ನನಗೆ ಆಗಲ್ಲ.

ಸುಮ್ನೆ ಗಾಳಿಯಲ್ಲಿ ಕೂತರೆ ರಕ್ತದಲ್ಲಿರುವ ಆ ವಿಷ ಅರ್ಧಕ್ಕೆ ಇಳಿಯೋಕೆ ನಾಲ್ಕೈದು ಗಂಟೆ ಬೇಕಂತೆ, ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಒಂದು ಒಂದೂವರೆ ಗಂಟೆ. ಎಚ್ಚರ ಆದಳು, ಮಾತಾಡಿದಳು, ಇನ್ನೇನೂ ಇಲ್ಲ ಅಂತ ಮನೆಗೆ ಕರೆದುಕೊಂಡು ಹೋಗಬಾರದು ಅನ್ನೋದು ಇದಕ್ಕೇ. ಸಂಜೆವರೆಗೆ ಮಾಸ್ಕ್ ಇಟ್ಟು, ಆಮೇಲೆ ದಾವಣಗೆರೆಗೆ ಕರೆತಂದು ಇನ್ನೊಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡೆವು. ಈಗ ಚೆನ್ನಾಗಿದ್ದಾಳೆ. ಒಂದು ವಾರ ತಲೆನೋವು ಇತ್ತು, ಓದಿದ್ದು ನೆನಪಿರಲ್ಲ ಅಂತ ಅಳುತ್ತಿದ್ದಳು. ಅದೂ ಹೋಯಿತು. ಬಾತ್‌ರೂಮಿನ ಚಿಲಕ ಮಾತ್ರ ಇನ್ನೂ ಹಾಕಿಕೊಳ್ಳಲ್ಲ.

ಎರಡು ದಿನ ಬಿಟ್ಟು ನಮ್ಮನೆಯವರು ಓನರಿಗೆ ಫೋನ್ ಮಾಡಿದರು. ಜಗಳಕ್ಕಲ್ಲ. ಗೀಸರ್ ಹೊರಗಿನ ಗೋಡೆಗೆ ಹಾಕಿಸಿ, ಪೈಪಿನಲ್ಲಿ ಬಿಸಿನೀರು ಒಳಗೆ ಬರಲಿ, ಕಿಟಕಿ ತೆಗೆಯಿರಿ ಅಂತ ಹೇಳೋಕೆ. ಎರಡು ವರ್ಷದಿಂದ ಎಷ್ಟೋ ಜನ ಇಲ್ಲೇ ಸ್ನಾನ ಮಾಡಿದ್ದಾರೆ, ಯಾರಿಗೂ ಏನೂ ಆಗಿಲ್ಲ, ನಿಮ್ಮ ಮಗಳಿಗೇ ವೀಕ್ನೆಸ್ ಇದೆ ಅಂದರು. ಕೋಣೆ ಬಾಡಿಗೆ ವಾಪಸ್ ಹಾಕ್ತೀನಿ, ಎಲ್ಲೂ ಬರೀಬೇಡಿ ಅಂದರು. ದುಡ್ಡು ಬೇಡ ಅಂದೆವು.

ಯಾರಿಗೂ ಏನೂ ಆಗಿಲ್ಲ ಅನ್ನುವ ಮಾತು ನಿಜವೇ ಇರಬಹುದು. ಬೇಸಿಗೆಯಲ್ಲಿ ಕಿಟಕಿಗೆ ಥರ್ಮೋಕೋಲ್ ಇರಲ್ಲ. ಕರೆಂಟ್ ಇದ್ದ ದಿನ ಫ್ಯಾನ್ ತಿರುಗುತ್ತೆ. ಗಂಡಹೆಂಡತಿ ಇಬ್ಬರೇ ಬಂದು ಐದೈದು ನಿಮಿಷಕ್ಕೆ ಸ್ನಾನ ಮುಗಿಸಿದರೆ ಬರೀ ತಲೆನೋವು ಬಂದು ಹೋಗುತ್ತೆ, ಅದನ್ನು ಯಾರೂ ಓನರಿಗೆ ಹೇಳಲ್ಲ. ಚಳಿಗಾಲ, ಮುಚ್ಚಿದ ಕಿಟಕಿ, ಕರೆಂಟ್ ಇಲ್ಲ, ಒಬ್ಬರ ಹಿಂದೆ ಒಬ್ಬರು ಮೂರು ಜನ, ಮೂರನೆಯವಳದ್ದು ತಲೆಸ್ನಾನ. ಎಲ್ಲ ಒಂದೇ ದಿನ ಕೂಡಿ ಬಂತು.

ಹಾಗಾಗಿ ಬುಕ್ ಮಾಡುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳಿ: ಬಿಸಿನೀರು ಯಾವುದರಲ್ಲಿ? ಸೋಲಾರ್, ಕರೆಂಟ್, ಹೊರಗಿನಿಂದ ಉರಿ ಹಾಕುವ ಹಂಡೆ, ಯಾವುದಾದರೂ ಸರಿ. ಗ್ಯಾಸ್ ಅಂದರೆ ಗೀಸರ್ ಎಲ್ಲಿದೆ ಅಂತ ಕೇಳಿ, ಬಾತ್‌ರೂಮಿನ ಫೋಟೋ ಕಳಿಸೋಕೆ ಹೇಳಿ. ಹಾಸಿಗೆ ಫೋಟೋ, ಕೆರೆ ಫೋಟೋ ಎಲ್ಲರೂ ಹಾಕಿರುತ್ತಾರೆ. ಹೋಗಿ ಇಳಿದ ಮೇಲೆ ಒಳಗೇ ಗೀಸರ್ ಕಂಡು, ಬೇರೆ ದಾರಿಯೇ ಇಲ್ಲ ಅನ್ನುವ ಹಾಗಿದ್ದರೆ ಕಿಟಕಿ, ಬಾಗಿಲು ತೆರೆದಿಟ್ಟು ಬಕೆಟಿಗೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಗಾಳಿ ಆಡಿದ ಮೇಲಷ್ಟೇ ಒಳಗೆ ಹೋಗಿ. ಗೀಸರ್ ಉರಿಯುತ್ತಿರುವಾಗ ಒಳಗೆ ನಿಂತು ಸ್ನಾನ ಬೇಡವೇ ಬೇಡ. ಮಲಗುವ ಕೋಣೆಯಲ್ಲಿ ಕೆಂಡದ ಬುಟ್ಟಿಯೂ ಬೇಡ. ಅದರಿಂದ ಬರೋದೂ ಇದೇ ವಿಷ, ಅದೂ ನಿದ್ದೆಯಲ್ಲಿರುವಾಗ. ಯಾರಾದರೂ ಬಿದ್ದರೆ ಮೊದಲು ಬಯಲಿಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ಗ್ಯಾಸ್ ಗೀಸರ್ ಅನ್ನೋ ಮಾತನ್ನು ನೀವಾಗಿಯೇ ಹೇಳಿ.

ಇನ್ನೊಂದು. ಆ ಮನೆಯವರು ರಾತ್ರಿ ಅಲ್ಲಿ ಇರುತ್ತಿರಲಿಲ್ಲ, ಊರೊಳಗಿನ ಮನೆಗೆ ಹೋಗುತ್ತಿದ್ದರು. ಬೋರ್ಡಿನಲ್ಲಿ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅಂತ ಬರೆದಿತ್ತು. ಕೇಂದ್ರ ಪ್ರವಾಸೋದ್ಯಮದ ಆ ಹೆಸರಿನ ಯೋಜನೆಯಲ್ಲಿ ನೋಂದಣಿ ಆಗಬೇಕಂದರೆ ಕೋಣೆಗಳು ಆರಕ್ಕಿಂತ ಜಾಸ್ತಿ ಇರಬಾರದು, ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು. ನೋಂದಣಿ ಪತ್ರ ತೋರಿಸಿ ಅಂದಾಗ ಅವರ ಹತ್ತಿರ ಏನೂ ಇರಲಿಲ್ಲ. ನಾವು ಹೋಗುವ ಮೊದಲೇ ಕೇಳಬೇಕಿತ್ತು. ನೀವು ಕೇಳಿ. ಗ್ರಾಹಕರ ದೂರಿಗೆ 1915 ಅಂತ ಫೋನ್ ನಂಬರ್ ಇದೆ, ನಾವು ಅಲ್ಲಿಯೂ ಬರೆಸಿದ್ದೇವೆ.

ಮೊನ್ನೆ ಆ ಮನೆಯ ಪೇಜ್ ತೆಗೆದು ನೋಡಿದೆ. ಶಿವರಾತ್ರಿಗೆ ರೂಮು ಖಾಲಿ ಇದೆ ಅಂತ ಹೊಸ ಫೋಟೋ ಹಾಕಿದ್ದಾರೆ. ಬಾತ್‌ರೂಮಿನದ್ದೂ ಒಂದಿದೆ. ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದಾರೆ, ದಪ್ಪದ್ದು, ಸ್ಟೀಲಿನದ್ದು. ಗೀಸರ್ ಅಲ್ಲೇ ಇದೆ. ಕಿಟಕಿಯ ಥರ್ಮೋಕೋಲೂ ಹಾಗೇ ಇದೆ.